ಹಿಡಿಯಲೂ ಬೇಕು, ಬಿಡಲೂ ಬೇಕು

ಹಲ್ಲಿಗೆ ಕ್ಲಿಪ್ ಹಾಕಿಸಿಕೊಳ್ಳುವವರಲ್ಲಿ ಕೆಲವರ ದವಡೆಗೆ ಈಗ ಒಂದು ಪುಟ್ಟ ಸ್ಕ್ರೂ ಕೂಡ ಸೇರುತ್ತಿದೆ. ನಮ್ಮ ಮೈಸೂರಿನ ಮಂಡಿ ಮೊಹಲ್ಲಾದ ಮಗ್ಗುಲಿಗೇ, ತಿಲಕನಗರದಲ್ಲಿ ಫಾರೂಖಿಯಾ ದಂತ ವೈದ್ಯಕೀಯ ಕಾಲೇಜಿದೆ. ಬನ್ನಿಮಂಟಪದ ಕಡೆಗೆ ಜೆಎಸ್‌ಎಸ್ ದಂತ ಕಾಲೇಜು. ಹೀಗಾಗಿ ವಕ್ರದಂತ ಚಿಕಿತ್ಸೆ ಇಲ್ಲಿನ ಮನೆಗಳಿಗೆ ದೂರದ ಸಂಗತಿಯಲ್ಲ. ಆದರೂ ಸ್ಕ್ರೂ ಎಂದೊಡನೆ ಹೆತ್ತವರಿಗೆ ಅಳುಕು: ಸಡಿಲವಾದರೆ ಏನು ಗತಿ? ಮೇಲ್ಮೈಯನ್ನು ಒರಟು ಮಾಡಿದ ವಿಶೇಷ ಸ್ಕ್ರೂ ಹಾಕಿಸಿದರೆ ಗಟ್ಟಿ ನಿಲ್ಲುತ್ತದೆಯೇ?

ಸ್ಕ್ರೂ ಏಕೆ ಬೇಕು ಎಂಬುದನ್ನು ಮೊದಲು ನೋಡೋಣ. ಉಬ್ಬಿದ ಮುಂಹಲ್ಲುಗಳನ್ನು ದವಡೆ ಹಲ್ಲಿಗೆ ಕಟ್ಟಿ ಹಿಂದಕ್ಕೆಳೆದರೆ ದವಡೆ ಹಲ್ಲೂ ಮುಂದಕ್ಕೆ ಸರಿಯುತ್ತದೆ. ಹಾಗಾಗದಂತೆ ಮೂಳೆಯಲ್ಲೇ ಊರಿದ ಗೂಟ ಈ ಮಿನಿ ಇಂಪ್ಲಾಂಟ್. 1983ರಲ್ಲಿ ಕ್ರೀಕ್‌ಮೋರ್ ಮತ್ತು ಎಕ್ಲಂಡ್ ಮೂಗಿನ ಬುಡದ ಮೂಳೆಗೆ ಲೋಹದ ಸ್ಕ್ರೂ ಕೂರಿಸಿ ಮೇಲಿನ ಮುಂಹಲ್ಲುಗಳನ್ನು ಮೇಲಕ್ಕೆ ಸರಿಸಿದ ಪ್ರಕರಣವನ್ನು ವರದಿ ಮಾಡಿದರು. 1997ರಲ್ಲಿ ಜಪಾನಿನ ಕನೋಮಿ ಬರೀ 1.2 ಮಿ.ಮೀ. ದಪ್ಪದ ಟೈಟಾನಿಯಂ ಸ್ಕ್ರೂ ಬಗ್ಗೆ ಬರೆದರು.

ಒರಟು ಮೇಲ್ಮೈಯ ಯೋಚನೆ ಬಂದದ್ದು ಶಾಶ್ವತ ಇಂಪ್ಲಾಂಟ್‌ಗಳಿಂದ. ಮೂಳೆ ಟೈಟಾನಿಯಂಗೆ ಬೆಸೆದುಕೊಳ್ಳುವುದನ್ನು ಸ್ವೀಡನ್ನಿನ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲಗಳ ಕಾಲಿನಲ್ಲಿ ಕಂಡರು; 1965ರಲ್ಲಿ ಮೊದಲ ರೋಗಿಗೆ ಇಂಪ್ಲಾಂಟ್ ಕೂರಿಸಿದರು. ಲೋಹದ ಮೇಲೆ ಸಣ್ಣ ಗಟ್ಟಿ ಕಣಗಳನ್ನು ರಭಸದಿಂದ ಚಿಮ್ಮಿಸಿ, ಆಮ್ಲದಲ್ಲಿ ಅದ್ದಿದರೆ ಕಣ್ಣಿಗೆ ಕಾಣದ ಗುಳಿಗಳು ಮೂಡುತ್ತವೆ. ಮೂಳೆಕೋಶಗಳಿಗೆ ಅಲ್ಲಿ ಆಸರೆ ಸಿಗುತ್ತದೆ. ವಿದ್ಯುತ್ ಹರಿಸಿ ಆಕ್ಸೈಡ್ ಪದರವನ್ನು ದಪ್ಪಗೊಳಿಸುವ ವಿಧಾನವೂ ಉಂಟು. ನನಗೆ ತುಂಬ ಕುತೂಹಲ ಹುಟ್ಟಿಸುವುದು ನೇರಳಾತೀತ ಕಿರಣದ ವಿಧಾನ. ಇಟ್ಟಲ್ಲೇ ಇದ್ದ ಟೈಟಾನಿಯಂ ಮೇಲೆ ಗಾಳಿಯ ಇಂಗಾಲದ ಸಂಯುಕ್ತಗಳು ಕೂತು ಅದು ನೀರನ್ನು ದೂರ ತಳ್ಳತೊಡಗುತ್ತದೆ. ಕಿರಣ ಬಿದ್ದರೆ ಆ ಕೊಳೆ ಹೋಗಿ ಮೇಲ್ಮೈ ಮತ್ತೆ ರಕ್ತವನ್ನು ಬರಮಾಡಿಕೊಳ್ಳುತ್ತದೆ.

ಪ್ರಾಣಿಗಳ ಮೇಲಿನ ಹಲವು ಪ್ರಯೋಗಗಳಲ್ಲಿ ಒರಟು ಸ್ಕ್ರೂವನ್ನು ತಿರುಗಿಸಿ ತೆಗೆಯಲು ಹೆಚ್ಚು ಬಲ ಬೇಕಾಯಿತು. ರೋಗಿಗಳ ಬಾಯಲ್ಲಿ ಮಾತ್ರ ಅದು ನಯವಾದ ಸ್ಕ್ರೂಗಿಂತ ಹೆಚ್ಚು ಕಾಲ ನಿಲ್ಲುತ್ತದೆ ಎನ್ನಲು ಗಟ್ಟಿ ಪುರಾವೆ ಸಿಕ್ಕಿಲ್ಲ. ಕಾರಣ ಕಾಲಮಾನದಲ್ಲಿದೆ. ಮೊದಲ ಹಿಡಿತ ಬರುವುದು ಸ್ಕ್ರೂವಿನ ಮರೆಗಳು ಮೂಳೆಯ ಗಟ್ಟಿ ಹೊರಪದರವನ್ನು ಕಚ್ಚುವುದರಿಂದ. ಆಮೇಲಿನ ಕೆಲವು ವಾರಗಳಲ್ಲಿ ಪೆಟ್ಟು ತಿಂದ ಮೂಳೆ ಕರಗಿ ಹೊಸ ಮೂಳೆ ಬರುವಾಗ ಹಿಡಿತ ಒಮ್ಮೆ ಇಳಿಯುತ್ತದೆ. ಒರಟುತನ ನೆರವಾಗುವುದು ಮುಖ್ಯವಾಗಿ ಈ ಹೊಸ ಮೂಳೆ ಬೆಳೆಯುವ ಹಂತದಲ್ಲಿ. ಎಷ್ಟೋ ಸ್ಕ್ರೂಗಳು ಅದಕ್ಕೂ ಮೊದಲೇ ಸಡಿಲವಾಗಿಬಿಡುತ್ತವೆ. 2012ರಲ್ಲಿ ಪ್ರಕಟವಾದ ಒಂದು ಒಟ್ಟು ವಿಶ್ಲೇಷಣೆಯಲ್ಲಿ ವಿಫಲವಾದವು ಶೇ 13.5.

ಮತ್ತೊಂದು ತೊಡಕು: ಈ ಸ್ಕ್ರೂವನ್ನು ಚಿಕಿತ್ಸೆ ಮುಗಿದ ಮೇಲೆ ತೆಗೆಯಲೇಬೇಕು. ನಯವಾದದ್ದು ಸುಲಭವಾಗಿ ತಿರುಗಿ ಬರುತ್ತದೆ. ಮೂಳೆ ಬಿಗಿಯಾಗಿ ಬೆಸೆದುಕೊಂಡರೆ ತೆಳ್ಳನೆಯ ಸ್ಕ್ರೂ ಒಳಗೇ ಮುರಿಯುವ ಅಪಾಯವಿದೆ. ಒಸಡಿನ ಬಳಿ ಒರಟಿದ್ದರೆ ಕೊಳೆ ಕಟ್ಟಿ ಉರಿಯೂತ ಬರಬಹುದು. ಅದಕ್ಕೇ ಕುತ್ತಿಗೆ ಭಾಗವನ್ನು ನಯವಾಗಿಯೇ ಉಳಿಸುವುದು ಒಳ್ಳೆಯದು.

ಆದ್ದರಿಂದ ಹೆತ್ತವರು ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು ಬೇರೆ. ಸ್ಕ್ರೂ ಕೂರುವ ಜಾಗದ ಮೂಳೆಯ ಹೊರಪದರ ಕನಿಷ್ಠ 1 ಮಿ.ಮೀ. ಇದೆಯೇ? ಹಲ್ಲಿನ ಬೇರಿಗೆ ತಾಗುವುದಿಲ್ಲ ತಾನೆ? ವಿಪರೀತ ಬಿಗಿದರೂ ಮೂಳೆ ಬಿರುಕು ಬಿಟ್ಟು ಹಿಡಿತ ತಪ್ಪುತ್ತದೆ. ಅದು ಕೈಯ ಅನುಭವಕ್ಕೆ ಸೇರಿದ್ದು. ಮನೆಯಲ್ಲಿ ಮಾಡಬೇಕಾದ್ದು ಸ್ಕ್ರೂವಿನ ಸುತ್ತ ಮೆತ್ತನೆಯ ಬ್ರಷ್‌ನಿಂದ ದಿನವೂ ಸ್ವಚ್ಛಗೊಳಿಸುವುದು. ಇಷ್ಟೆಲ್ಲ ಮಾಡಿಯೂ ಅಲ್ಲಾಡಿದರೆ ಹೆದರಬೇಕಿಲ್ಲ. ವೈದ್ಯರು ಅದನ್ನು ತೆಗೆದು, ಪಕ್ಕದ ಬೇರೆ ಜಾಗದಲ್ಲಿ ಇನ್ನೊಂದನ್ನು ಕೂರಿಸಬಹುದು; ಹಳೆಯ ತೂತು ತಾನಾಗಿ ಮೂಳೆ ತುಂಬಿಕೊಳ್ಳುತ್ತದೆ.