ಒಳಲೆಯ ಬೆಳ್ಳಿ, ಬಾಟಲಿಯ ಬೆಳ್ಳಿ

ಆಂಧ್ರದ ಮಡಕಶಿರದ ಮೂರು ಕಡೆಗೂ ಕರ್ನಾಟಕ. ಗಡಿಯ ಎರಡೂ ಬದಿಯಲ್ಲಿ, ಅನುಕೂಲವಿದ್ದವರು ಕೂಸಿಗೆ ಹಾಲು ಕುಡಿಸಲು ಬೆಳ್ಳಿಯ ಒಳಲೆ ಮಾಡಿಸುತ್ತಾರೆ. ಬೆಳ್ಳಿ ತಂಪು, ಅದರಲ್ಲಿ ಕುಡಿಸಿದರೆ ನಂಜಾಗದು ಎಂಬ ನಂಬಿಕೆ ಹಳೆಯದು. ಇದನ್ನು ಬರೀ ಮೂಢನಂಬಿಕೆ ಎನ್ನುವವರೂ, ಇದರ ಬಲದ ಮೇಲೆ ಬೆಳ್ಳಿಯ ದ್ರಾವಣವನ್ನು ಬಾಟಲಿಗಟ್ಟಲೆ ಕುಡಿಯುವವರೂ ಒಂದೇ ಕಡೆ ಎಡವುತ್ತಾರೆ. ಬೆಳ್ಳಿಗೆ ರೋಗಾಣು ಕೊಲ್ಲುವ ಶಕ್ತಿ ಉಂಟು. ಆದರೆ ಆ ಶಕ್ತಿ ನಮಗೆ ಉಪಕಾರ ಮಾಡಿರುವುದೆಲ್ಲ ಮೈಯ ಹೊರಗೆ.

ಬೆಳ್ಳಿಯಿಂದ ಬಿಡುಗಡೆಯಾಗುವ ಅಯಾನುಗಳು ಬ್ಯಾಕ್ಟೀರಿಯಾದ ಪೊರೆಯನ್ನು ಕೆಡಿಸುತ್ತವೆ, ಗಂಧಕವಿರುವ ಕಿಣ್ವಗಳಿಗೆ ಅಂಟಿಕೊಂಡು ಅವುಗಳ ಕೆಲಸ ನಿಲ್ಲಿಸುತ್ತವೆ. 1880ರ ಹೊತ್ತಿಗೆ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಕಾರ್ಲ್ ಕ್ರೆಡೆ ಎಂಬ ವೈದ್ಯ ನವಜಾತ ಶಿಶುಗಳ ಕಣ್ಣಿಗೆ ಸಿಲ್ವರ್ ನೈಟ್ರೇಟಿನ ಹನಿ ಹಾಕತೊಡಗಿದ. ಹೆರಿಗೆಯ ವೇಳೆ ತಾಯಿಯಿಂದ ತಗಲುತ್ತಿದ್ದ, ಎಷ್ಟೋ ಮಕ್ಕಳನ್ನು ಕುರುಡಾಗಿಸುತ್ತಿದ್ದ ಸೋಂಕು ಅವನ ಆಸ್ಪತ್ರೆಯಲ್ಲಿ ಶೇಕಡ 10ರ ಆಸುಪಾಸಿನಿಂದ ಶೇಕಡ 1ಕ್ಕಿಂತ ಕೆಳಗಿಳಿಯಿತು. 1968ರಲ್ಲಿ ಬಂದ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮು ಸುಟ್ಟಗಾಯಕ್ಕೆ ದಶಕಗಳ ಕಾಲ ಮೊದಲ ಮದ್ದಾಗಿತ್ತು. ಗಾಯ ಮಾಯಲು ಅದು ತಡಮಾಡಬಹುದೆಂಬ ಕಾರಣಕ್ಕೆ ಈಗ ಅದರ ಮೆರುಗು ತಗ್ಗಿದೆ.

ಹೊರಗೆ ಇಷ್ಟು ಕೆಲಸ ಮಾಡುವುದು ಒಳಗೇಕೆ ಮಾಡದು ಎಂದು ಕೇಳಬಹುದು. ಹೊಟ್ಟೆಗೆ ಹೋದ ಅಯಾನುಗಳಿಗೆ ಅಲ್ಲಿನ ಕ್ಲೋರೈಡ್, ಪ್ರೋಟೀನುಗಳು ಬೇಗನೆ ಅಂಟಿಕೊಳ್ಳುತ್ತವೆ. ಸೋಂಕಿನ ಜಾಗ ತಲುಪಿ ಕೊಲ್ಲುವಷ್ಟು ಶಕ್ತಿ ಉಳಿಯುವುದಿಲ್ಲ. ರಕ್ತ ಸೇರಿದ ಬೆಳ್ಳಿ ವರ್ಷಗಟ್ಟಲೆ ಚರ್ಮದಲ್ಲಿ ಸಂಗ್ರಹವಾದರೆ ಬಿಸಿಲು ತಾಗಿ ಮೈ ಬೂದುನೀಲಿಗೆ ತಿರುಗುತ್ತದೆ. ಅರ್ಜೀರಿಯಾ ಎಂಬ ಈ ಬಣ್ಣ ಸಾಮಾನ್ಯವಾಗಿ ಹೋಗುವುದಿಲ್ಲ. ಅಂಗಡಿಯಲ್ಲಿ ಮದ್ದೆಂದು ಮಾರುವ ಬೆಳ್ಳಿ ದ್ರಾವಣಗಳು ಸುರಕ್ಷಿತವೂ ಅಲ್ಲ, ಪರಿಣಾಮಕಾರಿಯೂ ಅಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1999ರಲ್ಲೇ ಹೇಳಿತು. ಆಯುರ್ವೇದದ ರಜತ ಭಸ್ಮವನ್ನು ಈ ದ್ರಾವಣಗಳ ಪರ ಸಾಕ್ಷಿಯಾಗಿ ಎಳೆತರುವುದೂ ಸರಿಯಲ್ಲ. ಅದು ಶೋಧನೆ, ಪುಟಪಾಕಗಳ ನಂತರ ವೈದ್ಯರು ಅಳೆದು ಕೊಡುವ ಬೇರೆಯೇ ವಸ್ತು. ಅದರ ಗುಣವನ್ನು ಅದರದೇ ಪರೀಕ್ಷೆ ಸಾಬೀತುಮಾಡಬೇಕು. ಹಳೆಯದು ಎಂಬುದಷ್ಟೇ ಪುರಾವೆಯಾಗದು. ಅಜ್ಜಿಯಂದಿರ ಅನುಭವಕ್ಕೆ ಬೆಲೆಯಿಲ್ಲವೇ? ಇದೆ. ಆದರೆ ಕೆಲವೇ ನಿಮಿಷ ಹಾಲು ನಿಲ್ಲುವ ಒಳಲೆಯಲ್ಲಿ ಕೂಸನ್ನು ಕಾಯುವುದು ಬೆಳ್ಳಿಗಿಂತ ಹೆಚ್ಚಾಗಿ ಅದನ್ನು ಕುದಿಯುವ ನೀರಲ್ಲಿ ತೊಳೆದಿಟ್ಟ ಕೈ.

ನಮ್ಮ ಸೀಮೆಗೆ ಇನ್ನೊಂದು ಮಾತು ಸೇರಿಸಬೇಕು. ನೀರಿನ ಫಿಲ್ಟರುಗಳಲ್ಲಿ ಬೆಳ್ಳಿ ಬಳಸುವುದುಂಟು, ರೋಗಾಣುಗಳ ಮಟ್ಟಿಗೆ ಅದು ಒಳ್ಳೆಯದೇ. ಆದರೆ ಅನಂತಪುರ, ಪಾವಗಡದ ಕಡೆಯ ಬೋರ್‌ವೆಲ್ ನೀರಿನ ದೊಡ್ಡ ಕಾಟ ಫ್ಲೋರೈಡ್. ಹಲ್ಲಿಗೆ ಕಂದು ಕಲೆ, ಮೂಳೆಗೆ ಬಿಗಿತ ತರುವ ಅದು ಜೀವಿಯಲ್ಲ, ಬೆಳ್ಳಿ ಅದನ್ನು ಕೊಲ್ಲಲಾರದು, ಕುದಿಸಿದರೂ ಹೋಗುವುದಿಲ್ಲ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದಾಗ 1.5ರವರೆಗೆ ಆಗಬಹುದು ಎಂಬುದು ಭಾರತೀಯ ಮಾನಕ. ಬೆಳ್ಳಿ ಲೋಟಕ್ಕೆ ದುಡ್ಡು ಕೂಡಿಡುವ ಮೊದಲು ಮನೆಯ ಬೋರಿನ ನೀರನ್ನು ಒಮ್ಮೆ ಪರೀಕ್ಷೆಗೆ ಕಳಿಸಿ.