ಹದ್ದಿನ ಕೊಕ್ಕು ಬೆಳೆದ ಬಗೆ

ಹದ್ದೆಂದರೆ ಕೋಳಿಮರಿಯನ್ನು ಎತ್ತಿಕೊಂಡು ಹೋಗುವ, ಮೀನುಸಂತೆಯ ಮೇಲೆ ಸುತ್ತುಹಾಕುವ ಹಕ್ಕಿಯೆಂದು ನಾವು ಬಲ್ಲೆವು. ಸಿಕ್ಕಿದ್ದನ್ನು ತಿಂದು ಬದುಕುವ ಅದಕ್ಕೆ ಆಹಾರದ ಚಿಂತೆ ಅಷ್ಟಾಗಿ ಇಲ್ಲ. ಆದರೆ ಅಮೆರಿಕದ ಫ್ಲಾರಿಡಾದ ಜೌಗುನೆಲಗಳಲ್ಲಿರುವ ಅದರ ದಾಯಾದಿಯೊಂದು ಬಹುಮಟ್ಟಿಗೆ ಒಂದೇ ಆಹಾರವನ್ನು ನಂಬಿದೆ. ಆ ಆಹಾರವೇ ನೀರಿನ ಬಸವನಹುಳು.

ಈ ಹಕ್ಕಿ ನೀರಿನ ಮೇಲೆ ತಗ್ಗಿನಲ್ಲಿ ಹಾರುತ್ತ ಹುಳುವನ್ನು ಕಾಲಿನಿಂದ ಎತ್ತಿಕೊಳ್ಳುತ್ತದೆ. ಕೊಂಬೆಯ ಮೇಲೆ ಕುಳಿತು, ಕೊಕ್ಕೆಯಂತೆ ಬಾಗಿದ ತೆಳ್ಳನೆಯ ಕೊಕ್ಕನ್ನು ಚಿಪ್ಪಿನೊಳಕ್ಕೆ ತೂರಿಸಿ, ಸ್ನಾಯುವನ್ನು ಕತ್ತರಿಸಿ, ಮಾಂಸವನ್ನು ಹೊರಗೆಳೆಯುತ್ತದೆ. ಬೀಗಕ್ಕೆ ಕೀಲಿಕೈ ಹೇಗೋ ಚಿಪ್ಪಿಗೆ ಆ ಕೊಕ್ಕು ಹಾಗೆ.

ಬೀಗವೇ ಬದಲಾದರೆ ಗತಿಯೇನು? 2000ದ ಸುಮಾರಿಗೆ 3,000ಕ್ಕೂ ಹೆಚ್ಚಿದ್ದ ಈ ಹದ್ದುಗಳು 2007ರ ಹೊತ್ತಿಗೆ ಸಾವಿರಕ್ಕಿಂತ ಕೆಳಗಿಳಿದಿದ್ದವು. ಬರಗಾಲ, ನೀರಿನ ಏರುಪೇರು, ನಾಡಹುಳುವಿನ ಕೊರತೆ ಇವೆಲ್ಲ ಅವನ್ನು ಬಾಧಿಸಿದ್ದವು. ಅದೇ ವರ್ಷಗಳಲ್ಲಿ ದಕ್ಷಿಣ ಅಮೆರಿಕ ಮೂಲದ ಇನ್ನೊಂದು ಬಸವನಹುಳು ಅಲ್ಲಿನ ಕೆರೆಗಳಲ್ಲಿ ಹಬ್ಬಿತು. ನಾಡಹುಳು ನಿಂಬೆಹಣ್ಣಿನಷ್ಟಿದ್ದರೆ ಇದು ಬೆಳೆದಾಗ ಕಿತ್ತಳೆಯಷ್ಟು. ಹಕ್ಕಿಗಳು ಅದನ್ನು ಹಿಡಿದರೂ ಎಷ್ಟೋ ಸಲ ಕೈಜಾರಿಸುತ್ತಿದ್ದವು. ಅನುಭವವಿಲ್ಲದ ಎಳೆಯ ಹಕ್ಕಿಗಳ ಪಾಡಂತೂ ಹೇಳತೀರದು. ತಿಂದದ್ದಕ್ಕಿಂತ ಪಟ್ಟ ಶ್ರಮವೇ ಹೆಚ್ಚು. ಈ ಸಂತತಿ ಇನ್ನು ಉಳಿಯಲಾರದೆಂದು ತಜ್ಞರು ಆತಂಕಪಟ್ಟರು.

ಆದರೆ ಆದದ್ದೇ ಬೇರೆ. 2010ರ ನಂತರ ಹಕ್ಕಿಗಳ ಸಂಖ್ಯೆ ಏರತೊಡಗಿತು. ಫ್ಲಾರಿಡಾ ವಿಶ್ವವಿದ್ಯಾನಿಲಯದ ಸಂಶೋಧಕರು ವರ್ಷವರ್ಷವೂ ಮರಿಗಳನ್ನು ಅಳೆದಿಟ್ಟಿದ್ದ ಲೆಕ್ಕವನ್ನು ಪರಿಶೀಲಿಸಿ, ಹೊಸ ಹುಳು ಬಂದ ಹತ್ತು ವರ್ಷಗಳೊಳಗೆ, ಎಂದರೆ ಎರಡು ತಲೆಮಾರು ತುಂಬುವ ಮೊದಲೇ, ಕೊಕ್ಕೂ ಮೈತೂಕವೂ ಸರಾಸರಿ ನೂರಕ್ಕೆ ಸುಮಾರು 8ರಷ್ಟು ಹೆಚ್ಚಿವೆಯೆಂದು 2017ರಲ್ಲಿ ಪ್ರಕಟಿಸಿದರು.

ಹಕ್ಕಿ ಬಯಸಿ ಕೊಕ್ಕನ್ನು ಬೆಳೆಸಿಕೊಂಡಿತೆಂದು ಇದರ ಅರ್ಥವಲ್ಲ. ಮರಿಗಳಲ್ಲಿ ಕೆಲವಕ್ಕೆ ಹುಟ್ಟಿನಿಂದಲೇ ಕೊಕ್ಕು ತುಸು ದೊಡ್ಡದು. ಅಂಥವೇ ಮೊದಲ ವರ್ಷವನ್ನು ಹೆಚ್ಚಾಗಿ ದಾಟಿದವು. ತಮ್ಮ ಗುಣವನ್ನು ಮರಿಗಳಿಗೂ ದಾಟಿಸಿದವು. ಹೇರಳವಾಗಿ ದೊರೆತ ಆಹಾರದಿಂದ ಮರಿಗಳು ದಷ್ಟಪುಷ್ಟವಾಗಿ ಬೆಳೆದದ್ದೂ ಇನ್ನೊಂದು ಕಾರಣ. ಚಿಕ್ಕ ಕೊಕ್ಕಿನವುಗಳಲ್ಲಿ ಅನೇಕ ಮರಿಗಳು ಬದುಕಲಿಲ್ಲವೆಂಬುದನ್ನೂ ಮರೆಯಬಾರದು. ಪ್ರಕೃತಿಯ ಹೊಂದಾಣಿಕೆಗೆ ತೆತ್ತ ಬೆಲೆ ಅದು.

ಹಾಗೆಂದು ಹೊಸ ಹುಳು ವರವೆಂದು ಹೇಳುವಂತಿಲ್ಲ. ನೀರಿನ ಸಸ್ಯಗಳನ್ನು ತಿಂದು ಜೌಗಿನ ಬಾಳನ್ನೇ ಅದು ಕದಡಬಲ್ಲದು. ಹದ್ದು ಒಂದು ಗಂಡಾಂತರವನ್ನು ದಾಟಿದೆ, ನಿಜ. ಆದರೆ ಕೆರೆ ಬತ್ತಿದರೆ ಎಷ್ಟು ದೊಡ್ಡ ಕೊಕ್ಕಿದ್ದೂ ಫಲವಿಲ್ಲ.