ಚಲಚ್ಚಿತ್ರದ ಮಾತುಗಾರ: ಭದ್ರಾವತಿಯ ಎಸ್. ನಾರಾಯಣ್

ತುಂಗೆಯ ದಡದ ಶಿವಮೊಗ್ಗೆಯಿಂದ ಸುಮಾರು 20 ಕಿಲೋಮೀಟರು ಸಾಗಿದರೆ ಭದ್ರಾನದಿಯ ತೀರದ ಭದ್ರಾವತಿಯು ಸಿಕ್ಕುತ್ತದೆ. ಹಿಂದೆ ಬೆಂಕಿಪುರವೆನಿಸಿದ್ದ ಈ ಊರಿನಲ್ಲಿ 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯು ಕೆಲಸವನ್ನಾರಂಭಿಸಿತು. 1936ರಲ್ಲಿ ಕಾಗದದ ಕಾರ್ಖಾನೆಯು ಸ್ಥಾಪಿತವಾಯಿತು. ಕನ್ನಡ ಚಿತ್ರಗಳಿಗೆ ಕಥೆ, ಸಂಭಾಷಣೆ, ಹಾಡುಗಳನ್ನು ಬರೆದು ತಾವೇ ನಿರ್ದೇಶಿಸಿದ ಶ್ರೀ ಎಸ್. ನಾರಾಯಣ್ ಅವರ ಹುಟ್ಟೂರು ಇದೇ.

ಚಿತ್ರವನ್ನು ನೋಡಿ ಮನೆಗೆ ಮರಳಿದವರು ನಟನನ್ನು ಹೊಗಳುವರು. ಆತನ ಬಾಯಿಗೆ ಮಾತು ಕೊಟ್ಟವನನ್ನು ಯಾರೂ ನೆನೆಯರು. 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'ಕ್ಕೆ ಮಾತು ಬರೆದವರು ಬೆಳ್ಳಾವೆ ನರಹರಿಶಾಸ್ತ್ರಿಗಳೆಂದು ಇಂದು ಎಷ್ಟು ಮನೆಗಳಲ್ಲಿ ಬಲ್ಲರು? ಜಪಾನಿನ ರೀತಿಯು ಬೇರೆ. ಗಣಕಯಂತ್ರದ ತೆರೆಯ ಮೇಲೆ ಓದುವ ಸಚಿತ್ರ ಕಥೆಗಳನ್ನು ಬರೆದು, ಆಮೇಲೆ ಅನಿಮೇಷನ್ ಚಿತ್ರಗಳಿಗೆ ಬರೆಯತೊಡಗಿದ ಗೆನ್ ಉರೊಬುಚಿಯಂಥವರ ಹೆಸರನ್ನು ನೋಡಿಯೇ ಅಲ್ಲಿ ಪ್ರೇಕ್ಷಕರು ಸೇರುವುದುಂಟು.

ನಾರಾಯಣ್ ಅವರ ಮೊದಲ ನಿರ್ದೇಶನವು 1992ರ 'ಚೈತ್ರದ ಪ್ರೇಮಾಂಜಲಿ'. 1999ರಲ್ಲಿ ವಿಷ್ಣುವರ್ಧನರಿಗಾಗಿ 'ವೀರಪ್ಪನಾಯಕ', 'ಸೂರ್ಯವಂಶ' ಎಂಬೆರಡು ಚಿತ್ರಗಳನ್ನು ಮಾಡಿದರು. ಎರಡರಲ್ಲಿಯೂ ತಂದೆಮಕ್ಕಳ ವಿರಸವೇ ಕಥೆಯ ಜೀವಾಳ. 'ಸೂರ್ಯವಂಶ'ವಾದರೋ 1997ರ ತಮಿಳು ಚಿತ್ರದಿಂದ ಬಂದದ್ದು. ಎರವಲು ಕಥೆಗೆ ಬರೆಯುವುದು ಸುಲಭವೆಂದು ಹಲವರು ಮೂಗು ಮುರಿಯುವರು. ನಾವು ಇದನ್ನು ಪೂರ್ತಿಯಾಗಿ ಒಪ್ಪಲಾರೆವು. ಕಥೆಯನ್ನು ಕಡ ತರಬಹುದು, ಮಾತನ್ನು ತರಲಾಗದು. ಮುನಿದ ತಂದೆಯೆದುರು ಮಗನು ಎಷ್ಟು ಹೊತ್ತು ಸುಮ್ಮನಿರಬೇಕು, ಸೊಸೆಯು ಮಾವನಿಗೆ ಯಾವ ದನಿಯಲ್ಲಿ ಉತ್ತರ ಕೊಡಬೇಕು, ಎಲ್ಲಿ 'ನೀನು', ಎಲ್ಲಿ 'ನೀವು' ಎಂಬುದನ್ನೆಲ್ಲ ಕನ್ನಡದ ಮನೆಯೊಳಗೆ ಬೆಳೆದ ಕಿವಿಯೇ ನಿರ್ಣಯಿಸಬೇಕು. ಈ ಒಂದು ಎಡವಿದರೆ ಸಾಕು, ಪ್ರೇಕ್ಷಕನು ಆ ಸಂಸಾರವನ್ನು ತನ್ನದೆಂದು ನಂಬನು.

ಡಾಕ್ಟರ್ ರಾಜ್‌ಕುಮಾರರ ಕೊನೆಯ ಚಿತ್ರ 'ಶಬ್ದವೇಧಿ'ಯನ್ನು 2000ದಲ್ಲಿ ನಿರ್ದೇಶಿಸುವ ಭಾಗ್ಯವೂ ಇವರದೇ ಆಯಿತು. ಅಂಥ ಮೇರುನಟನ ಬಳಿಕ 2003ರ 'ಚಂದ್ರ ಚಕೋರಿ'ಗೆ ಶ್ರೀಮುರಳಿಯೆಂಬ ಹೊಸ ಹುಡುಗನನ್ನು ನಾಯಕನನ್ನಾಗಿ ಆರಿಸಿದ್ದು ನಮಗೆ ಹೆಚ್ಚು ಮೆಚ್ಚುಗೆಯಾದ ಸಂಗತಿ. ಪ್ರಸಿದ್ಧ ನಟನಿದ್ದಲ್ಲಿ ಅರೆಬರೆ ಮಾತೂ ಸಾಗೀತು. ಹೊಸಬನಿದ್ದಲ್ಲಿ ಬರಹವೇ ಭಾರವನ್ನು ಹೊರಬೇಕು. ಚಿತ್ರವು ಜನಪ್ರಿಯವಾಯಿತು, ಹಾಡುಗಳು ಮನೆಮನೆಯಲ್ಲಿ ಕೇಳಿಬಂದವು.

2007ರ 'ಚೆಲುವಿನ ಚಿತ್ತಾರ'ವು ಮತ್ತೆ ತಮಿಳಿನಿಂದ ಬಂದ ಕಥೆಯೇ. ಅದರ ಯಶಸ್ಸು ದೊಡ್ಡದು. ಆದರೂ ಇಷ್ಟು ಪಳಗಿದ ಲೇಖನಿಯಿಂದ ಭದ್ರಾವತಿಯ ಕುಲುಮೆಯ ಕೆಲಸಗಾರನ ಮನೆಯ ಕಥೆಯೊಂದನ್ನು ನಾವು ಬಯಸಿದರೆ ಅದು ದುರಾಸೆಯಾದೀತೆ?